ತ್ಸೆತ್ಸೆ ನೊಣಕ್ಕೆ ರಕ್ತದಾನ: ಬಳಕೆದಾರರ ಕೈಪಿಡಿ

ಮೊದಲು ಉಡುಪು. ಟಾಂಜಾನಿಯಾದ ಸೆರೆಂಗೆಟಿಗೋ ತರಂಗೀರೆಗೋ ಸಫಾರಿಗೆ ಹೊರಟಿದ್ದರೆ ಕಡುನೀಲಿ ಅಂಗಿಯನ್ನೇ ಹಾಕಿಕೊಳ್ಳಿ. ನೀಲಿ, ಕಪ್ಪು ಎಂದರೆ ತ್ಸೆತ್ಸೆಗೆ ಪ್ರಾಣ. ಜೀಬ್ರಾದ ಪಟ್ಟೆ ಕಂಡರೆ ಮಾತ್ರ ಅಷ್ಟಕ್ಕಷ್ಟೆ.

ಜೀಪಿನ ಕಿಟಕಿ ತೆರೆದಿಡಿ. ದೊಡ್ಡದಾಗಿ ಓಡುವುದೆಲ್ಲ ಅದರ ಲೆಕ್ಕದಲ್ಲಿ ಊಟವೇ. ಕೊಂಬಿದೆಯೋ ಇಂಜಿನ್ನಿದೆಯೋ ಎಂದು ವಿಚಾರಿಸುವುದಿಲ್ಲ. ಕೂತ ನೊಣದ ರೆಕ್ಕೆಗಳು ಮುಚ್ಚಿದ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದಿದ್ದರೆ, ಅತಿಥಿ ಅವರೇ. ಸೊಳ್ಳೆಗಳಲ್ಲಿ ಹೆಣ್ಣಷ್ಟೇ ರಕ್ತ ಕುಡಿಯುತ್ತದೆ. ಇಲ್ಲಿ ಗಂಡೂ ಕುಡಿಯುತ್ತದೆ. ತೆಳು ಬಟ್ಟೆಯ ಅಡ್ಡಿ ಲೆಕ್ಕಕ್ಕಿಲ್ಲ.

ಎಚ್ಚರಿಕೆ: ನಿದ್ರಾರೋಗ ತರುವ ಟ್ರಿಪನೊಸೋಮ ಎಂಬ ಪರೋಪಜೀವಿ ಎಲ್ಲ ನೊಣದಲ್ಲೂ ಇರುವುದಿಲ್ಲ. ಇದ್ದರೆ, ಪೂರ್ವ ಆಫ್ರಿಕಾದ ತಳಿ ಕೆಲವೇ ವಾರಗಳಲ್ಲಿ ಮಲಗಿಸುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಮಿದುಳಿಗೆ ಇಳಿಯುತ್ತದೆ. ರಾತ್ರಿಯೆಲ್ಲ ಎಚ್ಚರ, ಹಗಲು ತಟ್ಟೆಯ ಮುಂದೆಯೇ ತೂಕಡಿಕೆ, ಮನೆಯವರ ಮೇಲೆ ವಿನಾಕಾರಣ ಸಿಟ್ಟು. ಹಿಂದೆ ಇದಕ್ಕೆ ಕೊಡುತ್ತಿದ್ದ ಮೆಲಾರ್ಸೊಪ್ರಾಲ್ ಎಂಬ ಆರ್ಸೆನಿಕ್ ಚುಚ್ಚುಮದ್ದು 100 ರೋಗಿಗಳಲ್ಲಿ ಸುಮಾರು ಐವರನ್ನು ತಾನೇ ಕೊಲ್ಲುತ್ತಿತ್ತು. 2018ರಲ್ಲಿ ಒಪ್ಪಿಗೆ ಸಿಕ್ಕ ಫೆಕ್ಸಿನಿಡಜೋಲ್ ಬಂದಮೇಲೆ ಪಶ್ಚಿಮದ ತಳಿಗೆ ಊಟದ ಜೊತೆ 10 ದಿನ ಮಾತ್ರೆ ನುಂಗಿದರೆ ಸಾಕಾಗುವ ಕಾಲ ಬಂತು.

ದನ ಸಾಕಿದವರಿಗೆ ಈ ಕೈಪಿಡಿಯಲ್ಲಿ ತಮಾಷೆ ಕಡಿಮೆ. ಪ್ರವಾಸಿ ವಿಮಾನ ಹತ್ತಿ ಹೋಗುತ್ತಾನೆ. ದನಗಾಹಿ ಎಲ್ಲಿಗೆ ಹೋದಾನು? ದನಗಳ ಟ್ರಿಪನೊಸೋಮ ರೋಗವಾದ ನಗಾನ ತಗುಲಿದ ಹಸು ಮೂಳೆಚಕ್ಕಳವಾಗಿ, ಹಾಲು ಬತ್ತಿ, ಕಂದು ಹಾಕುತ್ತದೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನಲ್ಲಿ ವೈದ್ಯ ಡೇವಿಡ್ ಬ್ರೂಸ್ ರೋಗಾಣುವನ್ನು ಗುರುತಿಸಿದ್ದು ಇಂಥ ದನಗಳ ರಕ್ತದಲ್ಲೇ. ಪಶ್ಚಿಮ ಆಫ್ರಿಕಾದ ಗಿಡ್ಡ ತಳಿ ಎನ್‌ಡಾಮ ಮಾತ್ರ ಸೋಂಕನ್ನು ಒಂದಿಷ್ಟು ತಡೆದುಕೊಳ್ಳುತ್ತದೆ.

ವಿಲೇವಾರಿ: ಅಂಗೈಯಿಂದ ಹೊಡೆದು ಗೆದ್ದೆ ಎಂದುಕೊಳ್ಳಬೇಡಿ, ತ್ಸೆತ್ಸೆಯ ಮೈ ಗಟ್ಟಿ. ಅದು ಮೆಚ್ಚುವ ನೀಲಿ ಬಟ್ಟೆಗೇ ಕೀಟನಾಶಕ ಸವರಿ ಹೊಳೆದಂಡೆಯಲ್ಲಿ ನಿಲ್ಲಿಸಿ. ಅದರ ದೌರ್ಬಲ್ಯ ಇರುವುದು ಬಾಣಂತನದಲ್ಲಿ. ಮೊಟ್ಟೆಯಿಡುವ ರೂಢಿಯಿಲ್ಲ, ಹೊಟ್ಟೆಯೊಳಗೇ ಹಾಲೂಡಿಸಿ, ಹೆಚ್ಚುಕಡಿಮೆ ತನ್ನಷ್ಟೇ ತೂಕದ ಒಂದೇ ಒಂದು ಮರಿಹುಳುವನ್ನು ಹೆರುತ್ತದೆ. ಇನ್ನೊಂದಕ್ಕೆ ಮತ್ತೆ 9-10 ದಿನ. ಮನೆನೊಣ ಕೇಳಿದರೆ ನಕ್ಕೀತು. ಹಾಗಾಗಿ ದಿನವೂ ನೂರರಲ್ಲಿ ನಾಲ್ಕಾರು ಹೆಣ್ಣು ಹೆಚ್ಚಾಗಿ ಸತ್ತರೂ ಸಂಸಾರ ಕುಸಿಯುತ್ತದೆ.

ಜಾಂಜಿಬಾರಿನ ಉಂಗುಜ ದ್ವೀಪದವರಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. ವಿಕಿರಣದಿಂದ ಬಂಜೆ ಮಾಡಿದ ಗಂಡುಗಳನ್ನು ಅಲ್ಲಿ ವಿಮಾನದಿಂದ ಉದುರಿಸಿದರು. ಸಾಮಾನ್ಯವಾಗಿ ಒಮ್ಮೆಯೇ ಕೂಡುವ ಹೆಣ್ಣುಗಳು ಅವನ್ನೇ ನಂಬಿ ಕೆಟ್ಟವು, 1997ರಲ್ಲಿ ದ್ವೀಪ ತ್ಸೆತ್ಸೆಮುಕ್ತವೆಂದು ಸಾರಲಾಯಿತು.