ಬಾಡಿಗೆ ಬೇರೆ, ಕರೆಂಟು ಬೇರೆ
ಜಿಪಿಯು ಬಾಡಿಗೆಯ ದರ ಹೋಲಿಸುವುದು ಮೊದಲು ಕೆಲಸವಾಗಿ ಶುರುವಾಗುತ್ತದೆ, ಆಮೇಲೆ ಚಟವಾಗುತ್ತದೆ. ಬೆಂಗಳೂರಿನಲ್ಲಿ ಎಂ.ಟೆಕ್ ಓದುವ ನನ್ನ ಅಕ್ಕನ ಮಗನಿಗೆ ಈ ಚಟ ಚೆನ್ನಾಗಿಯೇ ಹತ್ತಿದೆ. ಕನ್ನಡದ ಮಾತು ಕೇಳಿ ಬರೆದುಕೊಳ್ಳುವಂತೆ ವಿಸ್ಪರ್ ಎಂಬ ಎಐ ಮಾದರಿಯನ್ನು ಪಳಗಿಸುವುದು ಅವನ ಪ್ರಾಜೆಕ್ಟು. ಜಿಪಿಯು ಕಾರ್ಡು ಕೊಡಿಸಲು ಭಾವ ಒಪ್ಪಲಿಲ್ಲ. ಇವನು ಊರೆಲ್ಲ ವಿಚಾರಿಸಿ ಎಕ್ಸೆಲ್ ಶೀಟು ಮಾಡಿಕೊಂಡ. ಪಳಗಿಸುವ ಕೆಲಸ ಇನ್ನೂ ಶುರುವಾಗಿಲ್ಲ. ಶೀಟು ಮಾತ್ರ ದಿನದಿನಕ್ಕೂ ಬೆಳೆಯುತ್ತಿದೆ.

ಬೆಳೆಯದೆ ಏನು ಮಾಡೀತು? ದರಗಳು ಹಾಗಿವೆ. 2023ರಲ್ಲಿ ಅಮೆಜಾನ್ ಎಂಟು ಎಚ್‌100 ಜಿಪಿಯು ಕೂಡಿಸಿದ ಯಂತ್ರಕ್ಕೆ ಗಂಟೆಗೆ 98 ಡಾಲರ್ ಚಿಲ್ಲರೆ ಇಟ್ಟಿತು. ಒಂದಕ್ಕೆ 12 ಡಾಲರ್ ಆಯಿತು ಅನ್ನಿ, ಆದರೆ ಆಗ ಒಂದನ್ನೇ ಕೊಡುತ್ತಿರಲಿಲ್ಲ, ಎಂಟನ್ನೂ ಒಟ್ಟಿಗೇ ಹಿಡಿಯಬೇಕು. 2025ರ ಜೂನ್‌ನಲ್ಲಿ ಅದೇ ದರ ಶೇ 40ಕ್ಕೂ ಹೆಚ್ಚು ಇಳಿಯಿತು. ಸಣ್ಣ ಕಂಪನಿಗಳ ಬಳಿ ಅದೇ ಎಚ್‌100 ಎರಡು-ಮೂರು ಡಾಲರಿಗೂ ಸಿಗುತ್ತದೆ. ಇನ್ನು ವಾಸ್ಟ್ ಎಂಬ ಸಂತೆಯಲ್ಲಿ ಯಾರ್ಯಾರೋ ತಮ್ಮ ಯಂತ್ರಗಳನ್ನೇ ಬಾಡಿಗೆಗೆ ಬಿಡುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಜಾಲ ತನ್ನ ಪದ್ಧತಿ ಬದಲಿಸಿ, ಜಿಪಿಯುಗಳಿಂದ ಅದರ ನಾಣ್ಯ ಅಗೆಯುವ ದಂಧೆ ಒಂದೇ ದಿನಕ್ಕೆ ನಿಂತುಹೋಯಿತಲ್ಲ, ಅಂಥ ಅಗೆತದ ಕಾರ್ಡುಗಳಿಗೂ ಹೊಟ್ಟೆಪಾಡು ಬೇಕು. ಇಂದಿನ ದೊಡ್ಡ ಕಂಪನಿ ಕೋರ್‌ವೀವ್ ಕೂಡ 2017ರಲ್ಲಿ ಇಥೀರಿಯಂ ಅಗೆಯುತ್ತಲೇ ಹುಟ್ಟಿದ್ದು.

"ಮಾವ, ನಮ್ಮ ಸರ್ಕಾರದ್ದು ಗಂಟೆಗೆ 65 ರೂಪಾಯಿಯಂತೆ!" ಎಂದ ಒಂದು ರಾತ್ರಿ. ಇಂಡಿಯಾ ಎಐ ಮಿಷನ್ನಿನ ಸಬ್ಸಿಡಿ ದರ ಅದು. ಒಂದು ಡಾಲರಿಗೂ ಕಡಿಮೆ. ಅದಕ್ಕೆ ಅರ್ಜಿ ಹಾಕಬೇಕು, ಅರ್ಹತೆ ತೋರಿಸಬೇಕು. ಶೀಟಿನಲ್ಲಿ 'ತಾಳ್ಮೆ' ಎಂಬ ಕಾಲಂ ಸೇರಿಸು ಎಂದೆ.

ನಿಜಕ್ಕೂ ಸೇರಿಸಬೇಕಾದ ಕಾಲಂಗಳು ಬೇರೆ ಇವೆ. ಮದುವೆಗೆ ಛತ್ರ ಹಿಡಿದವರಿಗೆ ಗೊತ್ತು: ಬಾಡಿಗೆ ಕಡಿಮೆಯೇ, ಆದರೆ ಕರೆಂಟು ಬೇರೆ, ಕ್ಲೀನಿಂಗ್ ಬೇರೆ, ಪಾತ್ರೆ ಬೇರೆ. ಇಲ್ಲೂ ಅಷ್ಟೇ. ಯಂತ್ರ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ಓಡುತ್ತಿರುತ್ತದೆ. ಎಷ್ಟೋ ಕಡೆ ಡೇಟಾ ಒಳಗೆ ತರುವುದು ಪುಕ್ಕಟೆ, ಹೊರಗೆ ಒಯ್ಯಲು ಜಿಬಿ ಲೆಕ್ಕದಲ್ಲಿ ಕಾಸು. ಖಾಲಿ ಉಳಿದ ಯಂತ್ರವನ್ನು ಸ್ಪಾಟ್ ದರಕ್ಕೆ ಹಿಡಿದರೆ ಭಾರೀ ಅಗ್ಗ, ಆದರೆ ಯಾವಾಗ ಎಬ್ಬಿಸುತ್ತಾರೋ ಹೇಳುವಂತಿಲ್ಲ. ಅಮೆಜಾನ್ ಎರಡು ನಿಮಿಷ ಮೊದಲು ಹೇಳುತ್ತದೆ, ಗೂಗಲ್ ಮೂವತ್ತು ಸೆಕೆಂಡು. ನಮ್ಮ ಛತ್ರದವರೇ ವಾಸಿ, ಊಟದ ಪಂಕ್ತಿಯಾದರೂ ಮುಗಿಯಲು ಬಿಡುತ್ತಾರೆ.

ಅವನು ಮೆಚ್ಚಿಕೊಂಡಿದ್ದ ಅತಿ ಅಗ್ಗದ ಯಂತ್ರವನ್ನೇ ತೆಗೆದುಕೊಂಡು ಲೆಕ್ಕ ಹಾಕಿದೆವು. ಐನೂರು ಗಂಟೆಯ ಆಡಿಯೋ, 16 ಕಿಲೋಹರ್ಟ್ಸ್, ಅಂದರೆ ಸುಮಾರು 58 ಜಿಬಿ. ಆ ಯಂತ್ರದ ಇಂಟರ್ನೆಟ್ಟು 100 ಎಂಬಿಪಿಎಸ್. ಡೇಟಾ ಇಳಿಯುವುದಕ್ಕೇ ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾದ ಪಟ್ಟಿಯಲ್ಲಿ ಜಿಪಿಯು ಬಳಕೆ ಶೇ 0, ತಾಪಮಾನ ತಣ್ಣಗೆ, ಮೀಟರ್ ಮಾತ್ರ ಓಡುತ್ತಿರುತ್ತದೆ. ಹತ್ತು ಪಟ್ಟು ವೇಗದ ಇಂಟರ್ನೆಟ್ಟಿನ ದುಬಾರಿ ಯಂತ್ರದಲ್ಲಿ ಎಂಟು ನಿಮಿಷದ ಮಾತು.

ಇಷ್ಟೆಲ್ಲ ಆದಮೇಲೆ ಯಾವ ಮಾದರಿಯಪ್ಪಾ ಎಂದು ಕೇಳಿದೆ. ವಿಸ್ಪರ್ ಸ್ಮಾಲ್ ಅಂತೆ. ಸುಮಾರು ಇಪ್ಪತ್ತನಾಲ್ಕು ಕೋಟಿ ಪ್ಯಾರಾಮೀಟರ್‌ನ ಪುಟ್ಟ ಮಾದರಿ. ಗೂಗಲ್‌ನ ಕೊಲ್ಯಾಬಿನಲ್ಲಿ ಪುಕ್ಕಟೆ ಸಿಗುವ ಟಿ4 ಕಾರ್ಡಿನ ಮೇಲೂ ಪಳಗುತ್ತದೆ. "ಅದು ಗೊತ್ತು ಮಾವ, ಸುಮ್ಮನೆ ರೇಟು ನೋಡ್ತಾ ಇದ್ದೆ" ಎಂದ. ಸೀರೆ ಅಂಗಡಿಯಲ್ಲಿ ಅಕ್ಕನೂ ಇದೇ ಮಾತು ಹೇಳುತ್ತಾಳೆ, ಥೇಟ್ ಇದೇ ಮುಖ ಮಾಡಿಕೊಂಡು.

ಈಗಿನ ಸಮಸ್ಯೆ ಬೇರೆಯದು. ರೆಕಾರ್ಡಿಂಗಿನಲ್ಲಿ ಮಂಡ್ಯದ ಅಜ್ಜಿಯೊಬ್ಬರು ಸ್ಪಷ್ಟವಾಗಿ 'ಆಲು' ಅನ್ನುತ್ತಾರೆ, ಟೈಪ್ ಮಾಡಿದವರು 'ಹಾಲು' ಎಂದು ಬರೆದಿದ್ದಾರೆ. ಮಾದರಿ ಯಾವುದನ್ನು ಕಲಿಯಬೇಕು? ಇವನು ಅಜ್ಜಿಯ ಪರ, ಇವನ ಗೈಡ್ ಟೈಪಿಸ್ಟಿನ ಪರ, ನಾನು ಹಾಲಿನ ಪರ. ಯಂತ್ರ ಹಿಡಿಯುವ ಮುಂಚೆಯೇ ಇದು ಇತ್ಯರ್ಥವಾಗಲಿ ಎಂದಿದ್ದೇನೆ. ಹಿಡಿದ ಮೇಲೆ ಕೂತು ಚರ್ಚಿಸಿದರೆ ಚರ್ಚೆಗೂ ಗಂಟೆಗೆ ಎರಡು ಡಾಲರ್, ಮೇಲೆ ಜಿಎಸ್‌ಟಿ.