ಅಪಾಯವಿಲ್ಲದ ದೇಶಭಕ್ತಿ: ನಾಗರಿಕರ ಕೈಪಿಡಿ

ಮೊದಲು ಆದ್ಯತೆಗಳನ್ನು ಸರಿಮಾಡಿಕೊಳ್ಳಿ. 1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಉದ್ಘಾಟನೆಯಲ್ಲಿ ಸೇನಾ ಮುಖ್ಯಸ್ಥ ಫಿಲಿಪ್ ಚೆಟ್‌ವುಡ್ ಮೂರು ಮಾತು ಹೇಳಿದರು: ದೇಶ ಮೊದಲು, ಕೈಕೆಳಗಿನ ಸೈನಿಕರು ಆಮೇಲೆ, ನಿಮ್ಮ ಸುಖ-ಸುರಕ್ಷೆ ಕಟ್ಟಕಡೆಗೆ. ಅಲ್ಲಿ ಕಲಿತು ಅಧಿಕಾರಿಗಳಾಗುವವರಿಗೆ ಇವತ್ತಿಗೂ ಇದೇ ಪಾಠ. ನೀವೂ ಬಾಯಿಪಾಠ ಮಾಡಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಓದಿ. ನಾಗರಿಕರ ಆವೃತ್ತಿ ಸಿದ್ಧವಾಯಿತು.

ಈಗ ಧೈರ್ಯದ ಅಭ್ಯಾಸ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಳ್ಳಿ. ಸಿಗ್ನಲ್ಲಿನಲ್ಲಿ ಪೊಲೀಸರು ಕಂಡರೆ ಮಾತ್ರ ತಲೆಗೆ ಏರಿಸಿ, ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಸಿ. ಯೂ-ಟರ್ನ್ ದೂರವಿದ್ದರೆ ರಾಂಗ್ ಸೈಡಿನಲ್ಲಿ ನುಗ್ಗಿ. ಹಿಂದೆ ಕೂತ ಮಗು ನಿಮ್ಮ ಶೌರ್ಯ ನೋಡಿ ಕಲಿಯಲಿ. ಸಿಯಾಚಿನ್ ಸೈನಿಕರನ್ನು ಮಾತ್ರ ಅನುಕರಿಸಲು ಹೋಗಬೇಡಿ, ಅವರು ಸಿಕ್ಕಾಪಟ್ಟೆ ಪುಕ್ಕಲರು. ಮೊದಲು ತರಬೇತಿ, ಆಮೇಲೆ ಎತ್ತರದ ಗಾಳಿಗೆ ಮೈ ಒಗ್ಗುವ ತನಕ ಕಾಯುವುದು, ಆಮೇಲೆ ಹೆಜ್ಜೆ. ಅದೂ ಒಬ್ಬರಿಗೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಹಿಮದ ಬಿರುಕಿನೊಳಗೆ ಒಬ್ಬ ಜಾರಿದರೆ ಉಳಿದವರು ಎಳೆದುಕೊಳ್ಳಬೇಕಂತೆ. ಕೈಗವಸು ಬಿಚ್ಚಿ ಬಂದೂಕಿನ ಲೋಹ ಮುಟ್ಟುವುದಿಲ್ಲ, ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆಂಬ ಭಯ. 1984ರಿಂದ ಅಲ್ಲಿ ಗುಂಡಿಗಿಂತ ಹವಾಮಾನವೇ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ, ನಿಜ. ಆದರೆ ಐದು ನಿಮಿಷ ಉಳಿಸಲಿಕ್ಕೆ ಪ್ರಾಣ ಪಣಕ್ಕಿಡುವ ಗಂಡೆದೆ ಅವರಲ್ಲಿ ಯಾರಿಗಿದೆ?

ನಿಮ್ಮ ಹುಡುಗ ಸಿಕ್ಕಿಬಿದ್ದರೆ ಏನು ಮಾಡಬೇಕೆಂಬುದನ್ನು ಸಾವಧಾನವಾಗಿ ಕಲಿಯಿರಿ. ಕೆಟ್ಟ ಉದಾಹರಣೆಯೊಂದು ನಮ್ಮ ಕೊಡಗಿನಲ್ಲೇ ಇದೆ. 1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗನ ವಿಮಾನ ಉರುಳಿ, ಆತ ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಡುವ ಮಾತು ಅವರ ಕಡೆಯಿಂದಲೇ ಬಂತು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಉಪಚಾರ ಬೇಡ ಅಂದರು. ಇಂಥ ಅಪ್ಪ ಯಾವ ಮಗನಿಗೂ ಬೇಡ. ನಿಮ್ಮವನು ಬೈಕಿನ ಹಿಂದೆ ಇಬ್ಬರನ್ನು ಕೂರಿಸಿಕೊಂಡು ಓಡಿಸಿ ಸಿಕ್ಕಿಬಿದ್ದಾಗ ತಡಮಾಡದೆ ಫೋನ್ ತೆಗೆಯಿರಿ. 'ಸರ್, ನಾನು ಯಾರು ಗೊತ್ತಾ' ಎಂದೇ ಶುರುಮಾಡಿ. ಕೆಲಸ ಆಗದಿದ್ದರೆ ಕಾರ್ಪೊರೇಟರ್ ಹೆಸರು ತೆಗೆಯಿರಿ. ಪರಿಚಯ ಇರಲೇಬೇಕೆಂದಿಲ್ಲ, ಹೆಸರು ಸರಿಯಾಗಿ ಉಚ್ಚರಿಸಿದರೆ ಸಾಕು. ಹಿಂದೆ ಕೂತಿದ್ದ ಇಬ್ಬರ ವಿಚಾರ ಅವರವರ ಅಪ್ಪಂದಿರಿಗೆ ಬಿಡಿ.

ರಸ್ತೆಯಲ್ಲಿ ಯಾರಾದರೂ ಗಾಯಗೊಂಡು ಬಿದ್ದಿದ್ದರೆ ಗುಂಪಿನಲ್ಲಿ ಎರಡನೆಯ ಸಾಲು ಹಿಡಿಯಿರಿ. ಮೊದಲ ಸಾಲಿನವರಿಗೆ ಎತ್ತಿ ಅನ್ನುತ್ತಾರೆ, ಮೂರನೆಯ ಸಾಲಿನಿಂದ ವಿಡಿಯೋ ಸರಿಯಾಗಿ ಬರುವುದಿಲ್ಲ. 'ಪೊಲೀಸು, ಕೋರ್ಟು ಯಾರಿಗೆ ಬೇಕು ಮಾರಾಯ್ರೇ' ಎಂದು ಆಗಾಗ ನಿಟ್ಟುಸಿರು ಬಿಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು-ವಿಳಾಸ ಕೊಡಿ ಎಂದು ಬಲವಂತ ಮಾಡುವಂತಿಲ್ಲ. ಈ ಕಲಮನ್ನು ಓದಬೇಡಿ. ಓದಿದಿರೋ, ಇಷ್ಟು ವರ್ಷ ಕಾಪಾಡಿಕೊಂಡ ನೆಪ ಕೈತಪ್ಪುತ್ತದೆ.

ಮತದಾನದ ದಿನ ಊರಲ್ಲಿರಬೇಡಿ. 2024ರಲ್ಲಿ ಬೆಂಗಳೂರಿನ ಮತದಾನ ಶುಕ್ರವಾರ ಬಿದ್ದಿತ್ತು, ಶನಿ-ಭಾನುವಾರಕ್ಕೆ ಹೊಂದಿಕೊಂಡು. ಬೆಂಗಳೂರು ದಕ್ಷಿಣದಲ್ಲಿ ನೂರಕ್ಕೆ ಸುಮಾರು 53 ಮಂದಿ ಮಾತ್ರ ಮತ ಹಾಕಿದರು. ಗಡಿಯಲ್ಲಿದ್ದವರಿಗೆ ರೆಸಾರ್ಟ್ ಇಲ್ಲ, ಪಾಪ. ಅವರು ಅಂಚೆಯಲ್ಲಿ ಮತ ಕಳಿಸಿಕೊಳ್ಳಲಿ.

ಇನ್ನು ಯುದ್ಧ. ರಾತ್ರಿ ಒಂಬತ್ತಕ್ಕೆ ಟೀವಿ ಮುಂದೆ ಕೂತು 'ಒಂದು ಸಲ ಆಗೇಬಿಡಲಿ' ಎಂದು ಗರ್ಜಿಸಿ. ವೀರಮರಣದ ಸುದ್ದಿ ಬಂದರೆ ವಾಟ್ಸ್ಯಾಪಿನಲ್ಲಿ ಸ್ಟೇಟಸ್ ಹಾಕಿ. 24 ಗಂಟೆಯಲ್ಲಿ ತಾನಾಗಿ ಅಳಿಸಿಹೋಗುವ ಕಾರಣ ನಿಮಗೆ ಬೇರೆ ಕೆಲಸವಿಲ್ಲ.

ಕಟ್ಟಕಡೆಯ ಎಚ್ಚರಿಕೆ. ಪಿಯುಸಿ ಓದುವ ಮಗ 'ಅಪ್ಪಾ, ಎನ್‌ಡಿಎಗೆ ಅರ್ಜಿ ಹಾಕ್ಲಾ' ಅಂದರೆ ಗಾಬರಿಯಾಗಬೇಡಿ. 'ದೇಶಸೇವೆ ಎಂಜಿನಿಯರ್ ಆಗಿಯೂ ಮಾಡಬಹುದು ಮಗಾ, ಮೊದಲು ಸಿಇಟಿ ಬರಿ' ಎಂದು ಬೆನ್ನು ತಟ್ಟಿ, ಪಕ್ಕದ ಮನೆಯ ಹುಡುಗನ ಮೈಕಟ್ಟು ಹೊಗಳಿ. 2022ರಿಂದ ಎನ್‌ಡಿಎ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ, ಹಾಗಾಗಿ ಮಗಳ ಕಡೆಗೂ ಒಂದು ಕಣ್ಣಿರಲಿ. ಪರೀಕ್ಷೆ ವರ್ಷಕ್ಕೆ ಎರಡು ಸಲ. ಎರಡು ಸಲವೂ ಅರ್ಜಿಯ ಕೊನೆಯ ದಿನ ಕಳೆಯುವ ತನಕ ವೈಫೈ ಪಾಸ್‌ವರ್ಡ್ ಬದಲಿಸಿಡಿ.