ಉಳಿತಾಯದ ಕ್ರಿಸ್‌ಮಸ್

(ನ್ಯೂಜೆರ್ಸಿಯ ಕನ್ನಡ ದಂಪತಿ. ಹೆಂಡತಿ ಕಾರಿನ ಡಿಕ್ಕಿಯಿಂದ ಚೀಲ ಇಳಿಸುತ್ತಿದ್ದಾಳೆ, ಗಂಡ ಎಣಿಸುತ್ತಿದ್ದಾನೆ.)

ಗಂಡ: ಇದೆಷ್ಟೇ?

ಹೆಂಡತಿ: 60 ಡಾಲರ್ ಉಳಿಸಿದೆ ಕಣ್ರೀ!

ಗಂಡ: ಖರ್ಚು ಎಷ್ಟಾಯ್ತು ಅಂದೆ.

ಹೆಂಡತಿ: 140. ಇದು 200ರ ಸ್ವೆಟರ್ರು! ನಾಲ್ಕೇ ಕಂತು, ಬಡ್ಡಿ ಇಲ್ಲ.

ಗಂಡ: ಯಾರಿಗೆ?

ಹೆಂಡತಿ: ಪಕ್ಕದ್ಮನೆ ಅಜ್ಜಿಗೆ. ಹೋದ್ವರ್ಷ ಘಮಘಮ ಮೇಣದಬತ್ತಿ ಕೊಟ್ಟಿದ್ರಲ್ಲ.

ಗಂಡ: ಅದೆಲ್ಲಿ?

ಹೆಂಡತಿ: ಮಗಳ ಟೀಚರಿಗೆ ಹೋಯ್ತು.

ಗಂಡ: 1993ರಲ್ಲೇ ಜೋಯೆಲ್ ವಾಲ್ಡ್‌ಫೋಗೆಲ್ ಅನ್ನೋ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿದ್ದಾನೆ. ಕ್ರಿಸ್‌ಮಸ್ ಉಡುಗೊರೆಗೆ ಸುರಿದ ದುಡ್ಡಲ್ಲಿ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಹೊಳೇಲಿ ಹುಣಸೆಹಣ್ಣು. ಇಸ್ಕೊಂಡವರ ಕಣ್ಣಿಗೆ ಅದು ಅಷ್ಟು ಬಾಳೋದೇ ಇಲ್ಲ.

ಹೆಂಡತಿ: ನಮ್ಮ ಮದುವೆಗೆ ಬಂದ ಗೋಡೆ ಗಡಿಯಾರಗಳನ್ನ ಅವನು ನೋಡಿಲ್ಲ ಬಿಡಿ.

(ಗಂಡ ಉತ್ತರಿಸುವುದಿಲ್ಲ. ಅಷ್ಟೂ ಅವನ ಕಡೆಯವರದೇ.)

ಗಂಡ: ಹೋಗ್ಲಿ, ಗಿಫ್ಟ್ ರಸೀದಿ ಇಟ್ಟಿದೀಯಾ?

ಹೆಂಡತಿ: ಇಟ್ಟಿದೀನಿ. ಅದರಲ್ಲಿ ಬೆಲೆ ಇರಲ್ಲ.

ಗಂಡ: ಮತ್ತೆ 200ರದ್ದು ಅಂತ ಅಜ್ಜಿಗೆ ಗೊತ್ತಾಗೋದು ಹೇಗೆ?

ಹೆಂಡತಿ: ಬೆಲೆಚೀಟಿ ಕೀಳೋದು ಮರ್ತಿದೀನಲ್ಲ, ಬೇಕಂತಲೇ!